ಕಾರು ಮೀಯುವ ತೀರ್ಥ

ಮಳೆಗಾಲದ ಭಾನುವಾರ ಚಾರ್ಮಾಡಿ ಘಾಟಿಯಲ್ಲಿ ನೀರು ಕುಡಿಯುವುದಕ್ಕೆ ಒಂದು ಕ್ರಮವಿದೆ. ಮೊದಲು ಬೆಂಗಳೂರಿನಲ್ಲಿಯೇ ದುಡ್ಡು ಕೊಟ್ಟು ಒಂದು ಬಾಟಲಿ ನೀರು ಕೊಳ್ಳಬೇಕು. ಅದರ ಮೇಲೆ ಹಸಿರು ಬೆಟ್ಟ, ಬೆಟ್ಟದಿಂದ ಇಳಿಯುವ ಬೆಳ್ಳನೆಯ ತೊರೆಯ ಚಿತ್ರವಿದ್ದರೆ ಇನ್ನೂ ಶ್ರೇಷ್ಠ. ಅದನ್ನು ಹಿಡಿದುಕೊಂಡು ಕೊಟ್ಟಿಗೆಹಾರ ದಾಟಬೇಕು. ಹಸಿರು ಬೆಟ್ಟದಿಂದ ಬೆಳ್ಳನೆಯ ತೊರೆ ರಸ್ತೆಯ ಅಂಚಿಗೇ ಬಂದು ಬೀಳುವ ತಿರುವಿನಲ್ಲಿ, ಹಿಂದಿನ ಬಸ್ಸಿಗೆ ದಾರಿ ಇಲ್ಲದಂತೆ ಕಾರು ನಿಲ್ಲಿಸಬೇಕು. ತೊರೆಗೆ ಬೆನ್ನು ತಿರುಗಿಸಿ ಫೋಟೊ ತೆಗೆಸಿಕೊಳ್ಳಬೇಕು. ಬಾಯಾರಿದರೆ ಬಾಟಲಿಯ ನೀರು ಕುಡಿಯಬೇಕು. ತೊರೆಯ ನೀರು ಕಾರಿಗೆ.

ಬಾಟಲಿಯ ಮೇಲಿನ ಬೆಟ್ಟವನ್ನು ನೋಡಿದವರು ಪಕ್ಕದ ಅಂಕಿಯನ್ನು ನೋಡುವುದಿಲ್ಲ. ಒರತೆಯಿಂದಲೋ ನೆಲದೊಳಗಿನ ಸಹಜ ಸೆಲೆಯಿಂದಲೋ ತುಂಬಿದ ಖನಿಜಯುಕ್ತ ನೀರಿಗೆ ಐಎಸ್ 13428 ಎಂಬ ಭಾರತೀಯ ಮಾನಕವಿದೆ. ನಾವು ಬಸ್ ನಿಲ್ದಾಣದಲ್ಲಿ ಕೊಳ್ಳುವ ಸಾಮಾನ್ಯ ಬಾಟಲಿಯದು ಐಎಸ್ 14543. ಬೋರ್‌ವೆಲ್ಲಿನ ನೀರನ್ನು ಸೋಸಿ ತುಂಬಿದರೂ ಈ ಅಂಕಿ ಸಿಗುತ್ತದೆ. ಬಯಲುಸೀಮೆಯ ಬೋರ್‌ವೆಲ್ಲಿನ ನೀರು ಹೀಗೆ ಬೆಟ್ಟದ ವೇಷ ಹಾಕಿಕೊಂಡು, ಸುಮಾರು 250 ಕಿಲೋಮೀಟರ್ ಪ್ರಯಾಣ ಮಾಡಿ, ಅಸಲಿ ಬೆಟ್ಟದ ಎದುರಿನಲ್ಲಿಯೇ ಪ್ರವಾಸಿಯ ಗಂಟಲಿಗೆ ಇಳಿಯುತ್ತದೆ. ಖಾಲಿ ಬಾಟಲಿ ಮೋರಿಗೆ ಹೋಗುತ್ತದೆ. ಇದರಲ್ಲಿ ಕಾನೂನಿನ ತಕರಾರು ಹುಡುಕಬೇಡಿ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧವಾದ ಪ್ಲಾಸ್ಟಿಕ್ ವಸ್ತುಗಳ ಪಟ್ಟಿಯಲ್ಲಿ ಎಳನೀರಿಗೆ ಹಾಕುವ ಸ್ಟ್ರಾ ಇದೆ, ಕಿವಿಗೆ ಹಾಕುವ ಕಡ್ಡಿ ಇದೆ. ನೀರಿನ ಬಾಟಲಿ ಇಲ್ಲ. ಘಾಟಿಯ ಮೋರಿಗಳನ್ನು ಕಿವಿಕಡ್ಡಿಗಳಿಂದ ಕಾಪಾಡಿದ್ದಕ್ಕೆ ನಾವು ಕೃತಜ್ಞರಾಗಿರಬೇಕು.

ಹಿಂದಿನವರಿಗೆ ಇಷ್ಟೆಲ್ಲ ತಿಳಿವಳಿಕೆ ಇರಲಿಲ್ಲ. ಮಲೆನಾಡಿನಲ್ಲಿ ದರೆಯಿಂದ, ಅಂದರೆ ದಾರಿಗಾಗಿ ಕಡಿದ ಗುಡ್ಡದ ಗೋಡೆಯಿಂದ, ಜಿನುಗುವ ನೀರಿಗೆ ಯಾರೋ ಒಂದು ಅಡಿಕೆ ದಬ್ಬೆ ಸಿಕ್ಕಿಸಿ ಹೋಗುತ್ತಿದ್ದರು. ಲಾರಿಯವರು ಅದರ ಕೆಳಗೆ ಡಬ್ಬ ಹಿಡಿದು ರೇಡಿಯೇಟರಿಗೆ ನೀರು ತುಂಬುತ್ತಿದ್ದರು, ಅದೇ ನೀರನ್ನು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಿದ್ದರು. ದಬ್ಬೆ ಇಟ್ಟವರ ಹೆಸರಿನ ಶಿಲಾಫಲಕವಿಲ್ಲ, ಅಧ್ಯಕ್ಷತೆ ಯಾರದು, ಘನ ಉಪಸ್ಥಿತಿ ಯಾರದು ಎಂಬ ದಾಖಲೆಯೂ ಇಲ್ಲ. ಎಂಥ ಬೇಜವಾಬ್ದಾರಿ ಜನ!

ಈಗಿನ ಪ್ರವಾಸಿ ಕಾನೂನಿಗೆ ಅಂಜುವವನು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಬತ್ತಿದಾಗ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಸಾರಿತು. ಸರಿ, ಅಲ್ಲಿ ಬೇಡ. ದಂಡದ ಪುಸ್ತಕ ಘಾಟಿಯ ತನಕ ಬರುವುದಿಲ್ಲವಲ್ಲ! 2025ರ ಮಾರ್ಚ್‌ನಲ್ಲಿ ರಾಜ್ಯದ ಪರಿಸರ ಸಚಿವರು ತೀರ್ಥಕ್ಷೇತ್ರಗಳ ನದಿ, ಕೆರೆಗಳ 500 ಮೀಟರ್ ಆಸುಪಾಸಿನಲ್ಲಿ ಸೋಪು, ಶಾಂಪೂ ಮಾರಾಟ ತಡೆಯುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಕಾರಿನ ಶಾಂಪೂ ಡಿಕ್ಕಿಯಲ್ಲಿ ಮನೆಯಿಂದಲೇ ಬಂದಿರುವುದರಿಂದ ಆ ಸೂಚನೆಯೂ ಭಂಗವಾಗುವುದಿಲ್ಲ. ಚಾರ್ಮಾಡಿಯ ನೀರು ಮೃತ್ಯುಂಜಯ ಹೊಳೆಯಾಗಿ ಇಳಿದು ನೇತ್ರಾವತಿಯನ್ನು ಸೇರುತ್ತದೆ. ಬೆಟ್ಟದ ಬುಡದ ಭಕ್ತರಿಗೆ ಇನ್ನು ಮುಂದೆ ಟಯರುಗಳ ಪಾದೋದಕವೂ ಲಭ್ಯ.

ಬಟ್ಟೆಯ ವಿಷಯ ಇನ್ನೂ ಸ್ವಾರಸ್ಯಕರ. 2024ರ ಜುಲೈಯಲ್ಲಿ ಚಾರ್ಮಾಡಿಯ ಜಾರುಬಂಡೆಗಳನ್ನು ಹತ್ತಬೇಡಿ ಎಂದು ಪೊಲೀಸರು ಹೇಳಿ ಹೇಳಿ ಸೋತಿದ್ದರು. ಇಂಥ ಕಡೆ ಎಚ್ಚರಿಕೆಯ ಫಲಕಕ್ಕೆ ಇರುವ ಉಪಯೋಗ ಎರಡು: ಒರಗಿ ನಿಂತು ಫೋಟೊ ತೆಗೆಸಿಕೊಳ್ಳುವುದು, ಒದ್ದೆ ಟವೆಲ್ ಹಾಕುವುದು. ಕೊನೆಗೆ ಪೊಲೀಸರು ನೀರಿಗಿಳಿದವರ ಬಟ್ಟೆಗಳನ್ನೇ ಎತ್ತಿಕೊಂಡು ಹೊರಟರು. ಕಾನೂನು ಪುಸ್ತಕದ ಯಾವ ಕಲಮಿಗೂ ಬಗ್ಗದ ತರುಣರು ಪ್ಯಾಂಟಿಗಾಗಿ ರಸ್ತೆಯಲ್ಲಿ ನಿಂತು ಅಂಗಲಾಚಿದ್ದನ್ನು ಇಡೀ ನಾಡು ಮೊಬೈಲಿನಲ್ಲಿ ನೋಡಿ ಧನ್ಯವಾಯಿತು. ಅದೇ ಚಿಕ್ಕಮಗಳೂರು ಜಿಲ್ಲೆಯ ಬಾಬಾ ಬುಡನ್‌ಗಿರಿಯ ಮಾಣಿಕ್ಯಧಾರೆಯಲ್ಲಿ ಕಷ್ಟ ಬೇರೆ. ಅಲ್ಲಿ ಮಿಂದವರು ಬಟ್ಟೆಯನ್ನು ತಾವಾಗಿಯೇ ಬಿಟ್ಟುಹೋಗುತ್ತಾರೆ, ಅದರೊಂದಿಗೆ ಪಾಪವೂ ಉದುರುತ್ತದೆಂಬ ನಂಬಿಕೆಯಲ್ಲಿ. ಉದುರಿದ ಪಾಪ ಒದ್ದೆಯಾಗಿ, ರಾಶಿಯಾಗಿ ಬಿದ್ದಿರುತ್ತದೆ. ಒಂದು ಕಡೆ ಬಟ್ಟೆ ಬೇಕೆಂದು ಗೋಳು, ಇನ್ನೊಂದು ಕಡೆ ಬೇಡವೆಂದು ಗೋಳು. ಜಿಲ್ಲಾಡಳಿತ ಮನಸ್ಸು ಮಾಡಿದರೆ ವಾರಕ್ಕೊಂದು ಲಾರಿಯಲ್ಲಿ ಅಲ್ಲಿನ ರಾಶಿಯನ್ನು ಇಲ್ಲಿಗೆ ತರಿಸಿ ಎರಡೂ ಸಮಸ್ಯೆ ಬಗೆಹರಿಸಬಹುದು. ಅಳತೆಯ ಹೊಣೆ ಮಾತ್ರ ಇಲಾಖೆಯದ್ದಲ್ಲ.

ಇಷ್ಟರವರೆಗೆ ತೊರೆಯನ್ನು ಕೆಡಿಸುತ್ತಿರುವವರು ಹವ್ಯಾಸಿಗಳು. ವೃತ್ತಿಪರರು ಇನ್ನೂ ಬಂದಿಲ್ಲ. ಯಾವುದಾದರೂ ತೊರೆಯ ಎದುರು ಒಬ್ಬ ಜನಪ್ರತಿನಿಧಿಯ ಕಾರು ಕೆಟ್ಟು ನಿಲ್ಲುವ ತನಕ ಅದಕ್ಕೆ ಆಯುಸ್ಸಿದೆ. ನಿಂತರೆ ‘ಸಮಗ್ರ ಅಭಿವೃದ್ಧಿ’.

ಅಂದಾಜು ಪಟ್ಟಿ ಬರೆಯುವವರಿಗೆ ಒರತೆ ಎಂದರೆ ದರೆಯಲ್ಲಿ ಆದ ಸೋರಿಕೆ. ಮೇಲಿನ ಶೋಲಾ ಕಾಡು, ಹುಲ್ಲುಗಾವಲುಗಳ ಮಣ್ಣು ಮಳೆಯನ್ನು ಹೀರಿ ಹಿಡಿದು, ಬಂಡೆಯ ಬಿರುಕುಗಳಲ್ಲಿ ಇಳಿಸಿ, ದಾರಿಗಾಗಿ ಕಡಿದ ಜಾಗದಲ್ಲಿ ಹೊರಗೆ ಬಿಡುತ್ತದೆ ಎಂಬುದಕ್ಕೆ ದರಪಟ್ಟಿಯಲ್ಲಿ ದರ ನಮೂದಾಗಿಲ್ಲ. ಕಾಂಕ್ರೀಟ್ ತಡೆಗೋಡೆಗೆ ನಮೂದಾಗಿದೆ. ಆದ್ದರಿಂದ ತಡೆಗೋಡೆ, ನೀರು ಬರುವ ಜಾಗದಲ್ಲಿಯೇ. ಮೇಲಿನ ಹುಲ್ಲುಗಾವಲು ಸಮತಟ್ಟಾಗಿದೆ ಎಂದು ಅಲ್ಲಿ ವಾಹನ ನಿಲುಗಡೆ. ಸ್ವಾಗತ ಕಮಾನು, ಬಾಯಿ ತೆರೆದ ಮೊಲದ ಆಕಾರದ ಕಸದ ಡಬ್ಬಿ, ನೀರಿನ ಸಂಪರ್ಕವಿಲ್ಲದ ಶೌಚಾಲಯ, ಹೆಸರುಗಳ ಅನುಕ್ರಮ ತಪ್ಪಿದ್ದಕ್ಕೆ ಎರಡು ಸಲ ಕೆತ್ತಿಸಿದ ಗ್ರಾನೈಟ್ ಫಲಕ.

ಉದ್ಘಾಟನೆಯ ಹೊತ್ತಿಗೆ ನೀರು ನಿಂತಿರುತ್ತದೆ. ಗಾಬರಿಯಾಗಬೇಕಿಲ್ಲ. ಅಂದು ಹಿಂದಿನಿಂದ ಟ್ಯಾಂಕರ್ ಪೈಪು ಹಿಡಿಯುತ್ತದೆ, ತೊರೆ ಭಾಷಣ ಮುಗಿಯುವವರೆಗೆ ಹರಿಯುತ್ತದೆ. ಮರುವರ್ಷ ಬೋರ್‌ವೆಲ್, ಅದರ ಮುಂದೆ ನಾಣ್ಯ ಹಾಕಿದರೆ ನೀರು ಕೊಡುವ ಶುದ್ಧ ನೀರಿನ ಘಟಕ. ಮೂರನೆಯ ವರ್ಷ ಘಟಕದ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಚೀಟಿ. ನಾಲ್ಕನೆಯ ವರ್ಷ, ಬೆಟ್ಟದ ಒರತೆಗಳು ಬತ್ತುವುದೇಕೆ ಎಂದು ತಿಳಿದುಬರಲು ಸಮಿತಿಯೊಂದು ಸ್ವಿಟ್ಜರ್ಲೆಂಡಿಗೆ ಹೋಗುತ್ತದೆ. ಸದಸ್ಯರ ವಿಮಾನ, ವಸತಿ, ಊಟದ ಖರ್ಚೆಲ್ಲ ಇಲಾಖೆಯದ್ದು. ಬಾಟಲಿ ನೀರಿಗೆ ಪ್ರತ್ಯೇಕ ಬಿಲ್ಲು ಲಗತ್ತಿಸಬೇಕು.