ಸಿಂಗಾಪುರ ಮಾಡ್ತೀವಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ

ಬೆಂಗಳೂರನ್ನು ಸಿಂಗಾಪುರ ಮಾಡುತ್ತೇವೆ ಅನ್ನೋ ಮಾತು ಹುಟ್ಟಿ ಕಾಲು ಶತಮಾನ ಆಯ್ತು. 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿ ಆದ ಮೇಲೆ ಈ ಮಾತು ಚಾಲ್ತಿಗೆ ಬಂತು. ಆಮೇಲೆ ಬಂದ ಯಾವ ಸರ್ಕಾರವೂ ಇದನ್ನು ಬೇಡ ಅನ್ನಲಿಲ್ಲ. ಆಗ ಹುಟ್ಟಿದ ಮಗು ಈಗ ಇಂಜಿನಿಯರಿಂಗ್ ಮುಗಿಸಿ, ಕೆಲಸಕ್ಕೆ ಸೇರಿ, ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಕ್ಯಾಬ್ ಒಳಗೆ ಕೂತು ಸಿಂಗಾಪುರಕ್ಕೆ ಟಿಕೆಟ್ ಬುಕ್ ಮಾಡುತ್ತಿದೆ. ಊರು ಸಿಂಗಾಪುರ ಆಗೋದಕ್ಕಿಂತ ಊರಿನವರು ಸಿಂಗಾಪುರಕ್ಕೆ ಹೋಗೋದೇ ಸಲೀಸು ಅಂತ ಅದಕ್ಕೆ ಗೊತ್ತಾಗಿದೆ.

ಈ ಕಾಯಿಲೆ ನಮಗೊಬ್ಬರಿಗೇ ಅಲ್ಲ ಬಿಡಿ. ಮುಂಬೈಯನ್ನು ಶಾಂಘೈ ಮಾಡುತ್ತೇವೆ ಅಂದರು, ಕೋಲ್ಕತ್ತಾವನ್ನು ಲಂಡನ್ ಮಾಡುತ್ತೇವೆ ಅಂದರು. ಕಾಶಿಗೆ ಜಪಾನಿನ ಕ್ಯೋಟೋವನ್ನು ಗೊತ್ತುಮಾಡಿದರು. 2014ರಲ್ಲಿ ಒಪ್ಪಂದಕ್ಕೆ ಸಹಿಯೂ ಬಿತ್ತು. ಪಕ್ಕದ ಆಂಧ್ರದವರು ಇನ್ನೂ ಜಾಣರು. ನಕಲು ಯಾಕೆ ಅಂತ ಅಮರಾವತಿಯ ನಕ್ಷೆಯನ್ನು ಸಿಂಗಾಪುರದವರ ಕೈಯಲ್ಲೇ ಬರೆಸಿದರು. 2019ರಲ್ಲಿ ಸರ್ಕಾರ ಬದಲಾಯ್ತು, ಸಿಂಗಾಪುರದ ಕಂಪನಿಗಳ ಒಪ್ಪಂದ ರದ್ದಾಯ್ತು. ಅವರು ನಕ್ಷೆ ಬರೆಯುವಾಗ ಮಳೆ, ನದಿ, ಮಣ್ಣು ಎಲ್ಲ ಲೆಕ್ಕ ಹಾಕಿದ್ದರು, ಎಲೆಕ್ಷನ್ ಒಂದು ಮರೆತಿದ್ದರು ಅಂತ ಕಾಣುತ್ತೆ.

ಹೋಲಿಕೆ ಮೇಲ್ನೋಟಕ್ಕೆ ಚೆನ್ನಾಗೇ ಇದೆ. ಸಿಂಗಾಪುರ ದೇಶ ಪೂರ್ತಿ ಸೇರಿ 735 ಚದರ ಕಿಲೋಮೀಟರ್ ಆಸುಪಾಸು. ಬಿಬಿಎಂಪಿ ಇದ್ದಾಗಿನ ಬೆಂಗಳೂರೂ ಏಳುನೂರು ಚಿಲ್ಲರೆ. ಅಲ್ಲಿ ಸುಮಾರು 60 ಲಕ್ಷ ಜನ, ಇಲ್ಲಿ ಒಂದು ಕೋಟಿಗಿಂತ ಜಾಸ್ತಿ. ಇನ್ನು ವಾಟ್ಸಾಪ್‌ನಲ್ಲಿ ಬರುವ ಇತಿಹಾಸದ ಪ್ರಕಾರ 1965ರಲ್ಲಿ ಸಿಂಗಾಪುರ ಸ್ವತಂತ್ರ ಆದಾಗ ಬರೀ ಸೊಳ್ಳೆ ತುಂಬಿದ ಕೊಳಕು ಹಳ್ಳಿ, ನಮಗಿಂತ ಬಡದೇಶ. ಇದು ಸುಳ್ಳು. ಆಗಲೇ ಅದು ದೊಡ್ಡ ಬಂದರು, ಅವರ ತಲಾ ಆದಾಯ ಆಗಲೇ ನಮ್ಮದಕ್ಕಿಂತ ನಾಲ್ಕು ಪಟ್ಟು ಇತ್ತು. ಈಗ ಮೂವತ್ತು ಪಟ್ಟಿಗಿಂತ ಜಾಸ್ತಿ ಆಗಿದೆ, ಅದು ಬೇರೆ ಮಾತು. ಆದರೆ ಈ ಫಾರ್ವರ್ಡ್ ಕಳಿಸುವವರಿಗೆ ನಾಲ್ಕು ಪಟ್ಟಿನ ವಿಷಯ ಬೇಡ, ಹಳ್ಳಿಯೇ ಬೇಕು. ಹಳ್ಳಿ ಅಂದರೆ ತಾನೇ "ಒಬ್ಬ ಗಟ್ಟಿ ನಾಯಕ ಇದ್ದಿದ್ದರೆ ನಾವೂ..." ಅಂತ ಉಸಿರು ಬಿಡೋಕೆ ಆಗೋದು?

ಸರಿ, ಮಾಡೋಣ ಅಂತಲೇ ಇಟ್ಟುಕೊಳ್ಳಿ. ಮೊದಲು ಕಾರಿಂದ ಶುರು ಮಾಡೋಣ. ಸಿಂಗಾಪುರದಲ್ಲಿ ಕಾರು ಕೊಳ್ಳೋದಕ್ಕೆ ಮುಂಚೆ ಕಾರು ಇಟ್ಟುಕೊಳ್ಳುವ ಹಕ್ಕನ್ನು ಕೊಳ್ಳಬೇಕು. ಅದಕ್ಕೊಂದು ಸರ್ಟಿಫಿಕೇಟ್, ತಿಂಗಳಿಗೆ ಎರಡು ಸಲ ಹರಾಜು. 2023ರ ಅಕ್ಟೋಬರಿನಲ್ಲಿ ದೊಡ್ಡ ಕಾರಿನ ಸರ್ಟಿಫಿಕೇಟ್ ಒಂದೂವರೆ ಲಕ್ಷ ಸಿಂಗಾಪುರ ಡಾಲರ್ ಮುಟ್ಟಿತ್ತು, ನಮ್ಮ ದುಡ್ಡಲ್ಲಿ ತೊಂಬತ್ತು ಲಕ್ಷದ ಹತ್ತಿರ. ಇದು ಬರೀ ಕಾಗದದ ರೇಟು, ಕಾರು ಬೇರೆ. ಹತ್ತು ವರ್ಷ ಆದ ಮೇಲೆ ಮತ್ತೆ ದುಡ್ಡು ಕಟ್ಟಿ, ಇಲ್ಲಾಂದ್ರೆ ಕಾರು ಒಪ್ಪಿಸಿ. ಅದನ್ನು ತಗೊಂಡು ಪೇಟೆ ಒಳಗೆ ಹೋದರೆ ರಸ್ತೆಗೇ ಬೇರೆ ಶುಲ್ಕ. ಅಲ್ಲಿ ಎಲ್ಲ ತರದ ವಾಹನ ಸೇರಿ ಸುಮಾರು 10 ಲಕ್ಷ. ಅಷ್ಟೇ ಜಾಗದ ಬೆಂಗಳೂರಲ್ಲಿ ಒಂದು ಕೋಟಿ ದಾಟಿದೆ. ಈ ನಿಯಮವನ್ನು ನಾಳೆ ಬೆಳಗ್ಗೆ ಜಯನಗರದಲ್ಲಿ ತನ್ನಿ ನೋಡೋಣ. ಔಟರ್ ರಿಂಗ್ ರೋಡಿಗೆ ದಟ್ಟಣೆ ಶುಲ್ಕ ಹಾಕಬಹುದು ಅನ್ನೋ ಮಾತು ಗಾಳಿಯಲ್ಲಿ ತೇಲಿಬಂದರೆ ಸಾಕು, ಸಿಂಗಾಪುರದ ಶಿಸ್ತನ್ನು ಹಾಡಿ ಹೊಗಳುತ್ತಿದ್ದವರೇ ಎದ್ದು ನಿಂತು ಇದು ಹಗಲು ದರೋಡೆ ಅನ್ನುತ್ತಾರೆ.

ಸರ್ಕಾರದ ಕಡೆಯಿಂದ ಇದಕ್ಕೆ ಸಿಕ್ಕಿರುವ ಉತ್ತರ ಇನ್ನೂ ಸೊಗಸು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ನೆಲದ ಕೆಳಗೆ ಸುರಂಗ ರಸ್ತೆ ಯಾಕೆ, ಬಸ್ಸು ಮೆಟ್ರೋ ಜಾಸ್ತಿ ಮಾಡಬಾರದಾ ಅಂತ ಜನ ಕೇಳಿದಾಗ, 2025ರಲ್ಲಿ ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಸಮಾಜದ ಒಂದು ಸತ್ಯ ಹೇಳಿದರು: ಕಾರಿಲ್ಲದ ಹುಡುಗನಿಗೆ ಹೆಣ್ಣು ಕೊಡೋಕೆ ಜನ ಹಿಂದೆ ಮುಂದೆ ನೋಡುತ್ತಾರೆ. ನಗರ ಸಾರಿಗೆ ಬಗ್ಗೆ ಪುಸ್ತಕ ಬರೆದ ದೊಡ್ಡ ದೊಡ್ಡ ತಜ್ಞರು ಯಾರೂ ಈ ಕೋನದಿಂದ ಯೋಚಿಸಿರಲಿಲ್ಲ. ಸಾವಿರಾರು ಕೋಟಿ ಸುರಂಗ ಅಂದರೆ ಒಂದು ತರದ ಕಲ್ಯಾಣ ಮಂಟಪ ಅಂತ ಈಗ ಅರ್ಥ ಆಗುತ್ತದೆ. ಸಿಂಗಾಪುರದಲ್ಲಿ ಹೆಚ್ಚಿನ ಮನೆಗಳಲ್ಲಿ ಕಾರೇ ಇಲ್ಲ, ಪಾಪ, ಅಲ್ಲಿನ ಹುಡುಗರ ಗತಿ ಏನೋ.

ಕಾರಿಲ್ಲದವರು ಅಲ್ಲಿ ಹೇಗೆ ಓಡಾಡುತ್ತಾರೆ ಅಂದರೆ, 60 ಲಕ್ಷ ಜನಕ್ಕೆ ಆರು ಸಾವಿರದ ಹತ್ತಿರ ಬಸ್ಸು, ಅದರ ಮೇಲೆ 1987ರಿಂದ ಓಡುತ್ತಿರುವ ರೈಲು. ನಮ್ಮ ಬಿಎಂಟಿಸಿಗೆ ಕೋಟಿ ಮೀರಿದ ಜನಕ್ಕೆ ಏಳು ಸಾವಿರ ಬಸ್ಸು. ಮೆಟ್ರೋ 2011ರಲ್ಲಿ ಬಂತು. 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಏರಿತು, ಅಲ್ಲಿಗೆ ದರದ ಮಟ್ಟಿಗೆ ನಾವು ಅಂತಾರಾಷ್ಟ್ರೀಯ ಗುಣಮಟ್ಟಕ್ಕೆ ಹತ್ತಿರ ಬಂದೆವು. ಮೆಟ್ರೋ ಇಳಿದು ಮನೆ ಮುಟ್ಟೋಕೆ ಫುಟ್‌ಪಾತ್ ಇಲ್ಲ, ಆಟೋದವರು ಬರಲ್ಲ, ಹಾಗಾಗಿ ಜನ ಸ್ಕೂಟರ್ ತಗೊಂಡರು, ಸ್ಕೂಟರ್ ನಿಲ್ಲಿಸೋಕೆ ಉಳಿದಿದ್ದ ಫುಟ್‌ಪಾತೂ ಹೋಯಿತು. ಬಸ್ಸು ಸರಿಹೋಗೋವರೆಗೆ ಕಾರು ಬಿಡಲ್ಲ, ಕಾರು ಬಿಡೋವರೆಗೆ ಬಸ್ಸಿಗೆ ದಾರಿ ಇಲ್ಲ. ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ.

ಮಳೆ ವಿಷಯಕ್ಕೆ ಬನ್ನಿ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿದೆ. ಸಿಂಗಾಪುರ ಸಮುದ್ರದ ಪಕ್ಕದಲ್ಲೇ ಕೂತಿದೆ, ನಮ್ಮ ಎರಡು ಪಟ್ಟಿಗಿಂತ ಜಾಸ್ತಿ ಮಳೆ ಬೀಳುತ್ತೆ. ಭೂಗೋಳದ ಪ್ರಕಾರ ಮುಳುಗಬೇಕಾದವರು ಅವರು. ಮುಳುಗಿದವರು ನಾವು. 2022ರ ಸೆಪ್ಟೆಂಬರಿನಲ್ಲಿ ಕೋಟಿಗಟ್ಟಲೆ ಬೆಲೆಯ ವಿಲ್ಲಾಗಳಿಗೆ ದೋಣಿ ಬಂತು, ಐಟಿಯವರು ಲ್ಯಾಪ್‌ಟಾಪ್ ಬ್ಯಾಗನ್ನು ಎದೆಗೆ ಅವುಚಿಕೊಂಡು ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದರು. ಅಲ್ಲಿಯೂ 2010ರಲ್ಲಿ ಆರ್ಚರ್ಡ್ ರೋಡ್ ಎಂಬ ಶೋಕಿ ರಸ್ತೆಗೆ ನೀರು ನುಗ್ಗಿತ್ತು. ಅವರು ಪಕ್ಕದಲ್ಲಿ ನೆಲ ಅಗೆದು ಮಳೆನೀರು ಹಿಡಿದಿಡುವ ದೊಡ್ಡ ತೊಟ್ಟಿ ಕಟ್ಟಿದರು, 2018ಕ್ಕೆ ಮುಗಿಯಿತು. ನಮಗೆ ಆ ತೊಟ್ಟಿಗಳನ್ನು ಕೆಂಪೇಗೌಡರ ಕಾಲದಿಂದ ಕಟ್ಟಿಸಿ ಕೊಟ್ಟುಹೋಗಿದ್ದರು, ಒಂದರಿಂದ ಇನ್ನೊಂದಕ್ಕೆ ರಾಜಕಾಲುವೆಯೂ ಇತ್ತು. ನಾವು ಅವುಗಳ ಮೇಲೆ ಬಸ್ ಸ್ಟ್ಯಾಂಡು, ಕ್ರೀಡಾಂಗಣ, ಲೇಔಟು ಮಾಡಿ, ಮನೆಗೆ "ಲೇಕ್ ವ್ಯೂ" ಅಂತ ಹೆಸರಿಟ್ಟೆವು. ಮಳೆ ಬಂದ ದಿನ ಕೆರೆ ಆ ಹೆಸರನ್ನು ನಿಜ ಮಾಡುತ್ತದೆ. ಉಳಿದ ಕೆರೆಗಳಲ್ಲಿ ಬೆಳ್ಳಂದೂರಿನದು ನೊರೆ ಉಕ್ಕಿಸಿ ರಸ್ತೆಗೆ ಬಂತು, 2017 ಮತ್ತು 2018ರಲ್ಲಿ ಬೆಂಕಿಯನ್ನೂ ಹತ್ತಿಸಿಕೊಂಡಿತು. ನೀರಿಗೆ ಬೆಂಕಿ ಹತ್ತಿಸುವ ಈ ತಂತ್ರಜ್ಞಾನ ಸಿಂಗಾಪುರದವರ ಹತ್ತಿರ ಖಂಡಿತ ಇಲ್ಲ.

ಮನೆ ವಿಷಯ ನನಗೆ ಎಲ್ಲಕ್ಕಿಂತ ಇಷ್ಟ. ಸಿಂಗಾಪುರದಲ್ಲಿ ಹತ್ತರಲ್ಲಿ ಎಂಟು ಜನ ಸರ್ಕಾರ ಕಟ್ಟಿಸಿದ ಫ್ಲ್ಯಾಟಿನಲ್ಲಿ ಇರುತ್ತಾರೆ. ಮೇಷ್ಟ್ರು, ಬ್ಯಾಂಕಿನವರು, ಟ್ಯಾಕ್ಸಿ ಓಡಿಸುವವರು ಎಲ್ಲ. ಲೀಸು 99 ವರ್ಷ, ಆಮೇಲೆ ಜಾಗ ವಾಪಸ್ ಸರ್ಕಾರಕ್ಕೆ. ಅಷ್ಟೇ ಅಲ್ಲ, 1989ರಿಂದ ಇನ್ನೊಂದು ಕಾನೂನಿದೆ: ಪ್ರತಿ ಬ್ಲಾಕಿನಲ್ಲೂ ಚೀನಿಯರು, ಮಲಯರು, ಭಾರತೀಯರು ಇಂತಿಷ್ಟು ಪ್ರಮಾಣ ಮೀರಬಾರದು, ಒಂದೇ ಜನ ಗುಂಪು ಕಟ್ಟಿಕೊಂಡು ಕೂರಬಾರದು ಅಂತ. ಈಗ ಬೆಂಗಳೂರಿನ ಓನರ್ ಒಬ್ಬರನ್ನು ನೆನೆಸಿಕೊಳ್ಳಿ. ಬಾಡಿಗೆಗೆ ಕೇಳಿಕೊಂಡು ಬಂದವನನ್ನು ಗೇಟಲ್ಲೇ ನಿಲ್ಲಿಸಿ, ಹೆಸರು ಕೇಳಿ, ಹೆಸರಲ್ಲಿ ಗೊತ್ತಾಗಲಿಲ್ಲ ಅಂದರೆ ಅಪ್ಪನ ಹೆಸರು ಕೇಳಿ, ಅದರಲ್ಲೂ ತಿಳಿಯದಿದ್ದರೆ ಊರು ಕೇಳಿ, ಕೊನೆಗೆ ತಡೆಯಲಾರದೆ "ನೀವು ಯಾವ ಜನ?" ಅಂದು, "ತಪ್ಪು ತಿಳ್ಕೋಬೇಡಿ, ಮನೇಲಿ ವಯಸ್ಸಾದವರು ಇದ್ದಾರೆ, ವೆಜ್ ಆದ್ರೆ ಒಳ್ಳೇದು" ಅಂತ ಮುಗಿಸುವವರು. ಇವರ ಮಗಳು ಅಳಿಯ ಸಿಂಗಾಪುರದಲ್ಲೇ ಇದ್ದಾರೆ. ಅಲ್ಲಿ ಖಾಸಗಿ ಮನೆಗಳ ಬಾಡಿಗೆ ಜಾಹೀರಾತಿನಲ್ಲಿ "ಇಂಡಿಯನ್ನರು ಬೇಡ" ಅಂತ ಬರೆಯುವ ಮಾಲೀಕರು ಇರುವುದು ನಿಜ. ಅದನ್ನು ಕೇಳಿ ಓನರ್ ಸಾಹೇಬರಿಗೆ ತುಂಬಾ ಬೇಜಾರಾಗಿದೆ. ಇಷ್ಟು ಮುಂದುವರಿದ ದೇಶದಲ್ಲಿ ಹೀಗಾ?

ಹೋಗಿಬಂದವರ ಕತೆ ಬೇರೆ. ಪ್ಯಾಕೇಜ್ ಟೂರಿನಲ್ಲಿ ಹೋದ ನಮ್ಮವರು ಮೆರ್‌ಲಯನ್ ಮುಂದೆ ಫೋಟೋ, ಸೆಂಟೋಸ, ಮುಸ್ತಫಾ ಸೆಂಟರ್‌ನಲ್ಲಿ ಶಾಪಿಂಗ್, ಲಿಟಲ್ ಇಂಡಿಯಾದಲ್ಲಿ ದೋಸೆ, ಇಷ್ಟು ಮುಗಿಸುತ್ತಾರೆ. ಅಲ್ಲಿ ಇರುವಷ್ಟು ದಿನವೂ ಚಾಕೊಲೇಟ್ ಸಿಪ್ಪೆ ಜೇಬಲ್ಲೇ. ಕಸ ಎಸೆದು ಸಿಕ್ಕಿಬಿದ್ದರೆ ದಂಡ, ಮತ್ತೆ ಮತ್ತೆ ಎಸೆದರೆ ಬಣ್ಣದ ಜಾಕೆಟ್ ತೊಡಿಸಿ ಎಲ್ಲರ ಎದುರು ಗುಡಿಸಲು ಹಚ್ಚುತ್ತಾರೆ ಅಂತ ಗೈಡ್ ಮೊದಲೇ ಹೇಳಿರುತ್ತಾನೆ. ವಾಪಸ್ ಬಂದು ದೇವನಹಳ್ಳಿ ಟೋಲ್ ದಾಟುವಷ್ಟರಲ್ಲಿ ಆ ಸಿಪ್ಪೆ ಕಿಟಕಿಯಿಂದ ಆಚೆ. ಸಂಜೆ ಫ್ಯಾಮಿಲಿ ಗ್ರೂಪಿನಲ್ಲಿ ಉದ್ದದ ಮೆಸೇಜು, ನಮ್ಮ ಜನಕ್ಕೆ ಸಿವಿಕ್ ಸೆನ್ಸ್ ಇಲ್ಲ ಅಂತ. ನಮ್ಮ ಜನ ಅಂದರೆ ಯಾವಾಗಲೂ ಪಕ್ಕದ ಮನೆಯವರು. ಹಾಗಂತ ಇಲ್ಲಿ ಕ್ರಮ ತಗೊಂಡೇ ಇಲ್ಲ ಅನ್ನೋಕೂ ಆಗಲ್ಲ. 2025ರ ಅಕ್ಟೋಬರ್ ಕೊನೆಗೆ ನಗರದ ತ್ಯಾಜ್ಯ ಸಂಸ್ಥೆಯವರು ಬೀದಿಯಲ್ಲಿ ಕಸ ಎಸೆದವರ ಮನೆ ಹುಡುಕಿಕೊಂಡು ಹೋಗಿ ಬಾಗಿಲ ಮುಂದೆ ಕಸ ಸುರಿದರು. "ಕಸ ಸುರಿಯುವ ಹಬ್ಬ" ಅಂತ ಹೆಸರು ಬೇರೆ. ಕಸ ಎತ್ತುವ ಹಬ್ಬದ ತಾರೀಖು ಪಂಚಾಂಗದಲ್ಲಿ ಇನ್ನೂ ಬಿದ್ದಿಲ್ಲ.

ಅಲ್ಲಿನ ಸಚಿವರಿಗೆ ಸಂಬಳ ವಿಪರೀತ. ವರ್ಷಕ್ಕೆ ಸುಮಾರು 11 ಲಕ್ಷ ಸಿಂಗಾಪುರ ಡಾಲರ್, ಅಂದರೆ ಆರೇಳು ಕೋಟಿ ರೂಪಾಯಿ. ಈ ಭಾಗವನ್ನು ನಮ್ಮವರು ಗಮನವಿಟ್ಟು ಓದಿದ್ದಾರೆ. 2025ರಲ್ಲಿ ಮುಖ್ಯಮಂತ್ರಿ, ಸಚಿವರು, ಶಾಸಕರ ಸಂಬಳ ಡಬಲ್ ಆಯ್ತು, ಆ ಮಸೂದೆಗೆ ಯಾವ ಪಕ್ಷದ್ದೂ ದೊಡ್ಡ ಗಲಾಟೆ ಇರಲಿಲ್ಲ. ಮುಂದಿನ ಪುಟ ಓದಿದ್ದಾರೋ ಇಲ್ವೋ ಗೊತ್ತಿಲ್ಲ. ಅಲ್ಲಿ ಸಾರಿಗೆ ಸಚಿವರಾಗಿದ್ದ ಎಸ್. ಈಶ್ವರನ್ ಅವರಿಗೆ 2024ರ ಅಕ್ಟೋಬರಿನಲ್ಲಿ 12 ತಿಂಗಳು ಜೈಲಾಯ್ತು. ತಗೊಂಡಿದ್ದು ಏನು? ಫುಟ್‌ಬಾಲ್ ಮ್ಯಾಚಿನ ಟಿಕೆಟ್ಟು, ಸಂಗೀತ ಕಾರ್ಯಕ್ರಮದ ಟಿಕೆಟ್ಟು, ವಿಸ್ಕಿ ಬಾಟಲಿ, ಒಂದು ಮಡಚುವ ಸೈಕಲ್ಲು, ಇಂಥವು. ಸೈಕಲ್ಲು ಸ್ವಾಮಿ! ನಮ್ಮಲ್ಲಿ ಒಬ್ಬ ಸಚಿವರ ಸ್ವಾಗತಕ್ಕೆ ಕ್ರೇನ್‌ನಲ್ಲಿ ಸೇಬಿನ ಹಾರ ಇಳಿಸುತ್ತಾರೆ, ಮೈಸೂರು ಪೇಟ ಇಡುತ್ತಾರೆ, ಬೆಳ್ಳಿ ಗದೆ ಕೊಡುತ್ತಾರೆ. ಸಿಂಗಾಪುರದ ಕಾನೂನು ಬಂದರೆ ಆ ಗದೆ ಎತ್ತಿ ತೋರಿಸುವ ಫೋಟೋನೇ ಸಾಕ್ಷಿ, ವೇದಿಕೆ ಮೇಲಿದ್ದವರೆಲ್ಲ ನೇರವಾಗಿ ಪರಪ್ಪನ ಅಗ್ರಹಾರ. ಸೇಬು ಮಾತ್ರ ಉಳಿಯಲ್ಲ, ಅದನ್ನು ಕಾರ್ಯಕರ್ತರು ಅಲ್ಲೇ ಕಿತ್ತು ತಿಂದಿರುತ್ತಾರೆ.

ಸಿಂಗಾಪುರದ ಇನ್ನೊಂದು ಮುಖವನ್ನು ಟೂರ್ ಬಸ್ಸಿನವರು ತೋರಿಸಲ್ಲ. ಆ ಹೊಳೆಯುವ ಕಟ್ಟಡ ಕಟ್ಟುವವರು ತಮಿಳುನಾಡು, ಬಾಂಗ್ಲಾದೇಶದ ಕಡೆಯಿಂದ ಬಂದ ಕೂಲಿಗಳು. ಅವರನ್ನು ಇವತ್ತಿಗೂ ಲಾರಿ ಹಿಂಭಾಗದಲ್ಲಿ ಕೂರಿಸಿಕೊಂಡು ಸೈಟಿಗೆ ಸಾಗಿಸುತ್ತಾರೆ, ಮಲಗೋಕೆ ಒಂದು ಕೋಣೆಗೆ ಹತ್ತಾರು ಜನರ ವಸತಿ. 2020ರ ಕೋವಿಡ್ ಅಲ್ಲಿ ಹೆಚ್ಚಾಗಿ ಹಬ್ಬಿದ್ದು ಆ ಕೋಣೆಗಳಲ್ಲೇ. ಈ ಒಂದು ವಿಷಯದಲ್ಲಿ ಯಾದಗಿರಿ, ರಾಯಚೂರಿನಿಂದ ಬಂದು ವೈಟ್‌ಫೀಲ್ಡಿನ ತಗಡಿನ ಶೆಡ್ಡಿನಲ್ಲಿ ಇರುವವರು ತಾವು ಆಗಲೇ ಸಿಂಗಾಪುರದಲ್ಲಿದ್ದೇವೆ ಅಂತ ಧೈರ್ಯವಾಗಿ ಹೇಳಬಹುದು. ಅಂದಹಾಗೆ ಯಾದಗಿರಿಯನ್ನು ಯಾವ ದೇಶ ಮಾಡುತ್ತೀರಿ ಅಂತ ಇದುವರೆಗೆ ಯಾವ ಪಕ್ಷದ ಪ್ರಣಾಳಿಕೆಯಲ್ಲೂ ನಾನು ನೋಡಿಲ್ಲ. ಸಿಂಗಾಪುರಕ್ಕೆ ಆ ತಲೆನೋವಿಲ್ಲ, ಅದಕ್ಕೆ ಯಾದಗಿರಿಯೇ ಇಲ್ಲ.

ಒಂದು ಕೆಲಸದಲ್ಲಿ ಮಾತ್ರ ನಾವು ಅವರನ್ನು ಸರಿಗಟ್ಟಿದ್ದೇವೆ, ಇದನ್ನು ಒಪ್ಪಲೇಬೇಕು. ಸಿಂಗಾಪುರದಲ್ಲಿ ಕಂಡಕಂಡಲ್ಲಿ ಪ್ರತಿಭಟನೆ ಮಾಡುವ ಹಾಗಿಲ್ಲ, ಒಬ್ಬನೇ ಬೋರ್ಡ್ ಹಿಡಿದು ನಿಂತರೂ ಅನುಮತಿ ಬೇಕು. ಹಾಂಗ್ ಲಿಮ್ ಪಾರ್ಕಿನಲ್ಲಿ 2000ದಲ್ಲಿ ಭಾಷಣಕ್ಕೆ ಅಂತ ಒಂದು ಮೂಲೆ ಬಿಟ್ಟುಕೊಟ್ಟರು, 2008ರಲ್ಲಿ ಅದನ್ನು ಪ್ರತಿಭಟನೆಗೂ ತೆರೆದರು, ಕೂಗೋರು ಅಲ್ಲಿ ಹೋಗಿ ಕೂಗಬಹುದು. ಬೆಂಗಳೂರಲ್ಲೂ 2021ರ ಆದೇಶದ ಪ್ರಕಾರ ಧರಣಿ, ಪ್ರತಿಭಟನೆ ಏನಿದ್ದರೂ ಫ್ರೀಡಂ ಪಾರ್ಕಿನಲ್ಲಿ ಮಾತ್ರ. ಆ ಜಾಗ ಮೊದಲು ಸೆಂಟ್ರಲ್ ಜೈಲಾಗಿತ್ತು, ತುರ್ತುಪರಿಸ್ಥಿತಿಯಲ್ಲಿ ವಾಜಪೇಯಿ, ಅಡ್ವಾಣಿಯವರನ್ನು ಇಟ್ಟಿದ್ದು ಅಲ್ಲೇ, ಹೀಗಾಗಿ ಹೊಸದಾಗಿ ಗೋಡೆ ಕಟ್ಟುವ ಖರ್ಚೂ ಉಳಿಯಿತು. ಈಜಿಪುರದ ಫ್ಲೈಓವರ್ 2017ರಿಂದ ಕಂಬಗಳಲ್ಲೇ ನಿಂತಿತ್ತು, ಪ್ರತಿಭಟನೆಯ ಈ ಮೂಲೆಗೆ ಟೆಂಡರೂ ಬೇಕಾಗಲಿಲ್ಲ, ಗುದ್ದಲಿ ಪೂಜೆಯೂ ಬೇಕಾಗಲಿಲ್ಲ. ಫ್ರೀಡಂ ಪಾರ್ಕಿನ ಪಕ್ಕದಲ್ಲೇ ಈಗ ಬಹುಮಹಡಿ ಪಾರ್ಕಿಂಗ್ ಕೂಡ ಆಗಿದೆ. ಸುರಂಗ ರಸ್ತೆ ವಿರೋಧಿಸಿ ಧರಣಿ ಕೂರುವವರು ಆರಾಮಾಗಿ ಕಾರಲ್ಲೇ ಬರಬಹುದು.