ಗೋಡೆಗೆ ಬಂದ ಮೊಳಕೆ

ನಮ್ಮ ಭಾವ ಬೆಂಗಳೂರಿನ ಕೆಲಸದಿಂದ ರಿಟೈರ್ ಆಗಿದ್ದೇ ತಡ, ಸಕಲೇಶಪುರದ ತೋಟದಲ್ಲಿ ಮಣ್ಣಿನ ಗೋಡೆಯ ಒಂದು ರೂಮು ಕಟ್ಟುವ ಹುಕಿ ಹತ್ತಿತು. ಸಿಮೆಂಟು ಅಂದರೆ ಸಾಕು, ಯಾರೋ ಬೈದ ಹಾಗೆ ಮುಖ ಸಿಂಡರಿಸುತ್ತಿದ್ದರು.

ಮೊದಲ ತಕರಾರು ಮಣ್ಣಿನದೇ. ಭಾವ ಕಾಫಿ ಗಿಡದ ಬುಡದ ಕಪ್ಪು ಮಣ್ಣನ್ನೇ ರಾಶಿ ಹಾಕಿಸಿದ್ದರು. ಮೇಸ್ತ್ರಿ ಒಂದು ಹಿಡಿ ಎತ್ತಿ ಮೂಸಿದರು. "ಗೌಡ್ರೆ, ಇದರ ತುಂಬ ಎಲೆಗೊಬ್ಬರ. ಮೇಲಿನ ಮಣ್ಣು ಗಿಡಕ್ಕೆ, ಕೆಳಗಿನ ಮಣ್ಣು ಗೋಡೆಗೆ."

ಸರಿ, ಕೆಳಗಿನ ಕೆಮ್ಮಣ್ಣು ಬಂತು. ಮರಳು, ನೀರು ಸೇರಿಸಿ ತುಳಿದು, ಒಂದು ಉಂಡೆ ಕಟ್ಟಿ ಸೊಂಟದೆತ್ತರದಿಂದ ಬೀಳಿಸಿ ನೋಡಬೇಕು. ಪುಡಿಪುಡಿಯಾದರೆ ಮರಳು ಜಾಸ್ತಿ, ಚಪ್ಪಟೆಯಾದರೆ ನೀರು ಜಾಸ್ತಿ. ಮೊದಲ ಉಂಡೆ ಭಾವನ ಬಿಳಿ ಶೂ ಮೇಲೆ ಬಿತ್ತು. "ನೀರು ಜಾಸ್ತಿ ಆಯ್ತು," ಅಂತ ಮೇಸ್ತ್ರಿ ಶೂ ನೋಡಿಯೇ ಹೇಳಿದರು.

ಜೇಡಿ ಒಣಗುವಾಗ ಕುಗ್ಗಿ ಬಿರುಕು ಬಿಡುತ್ತದೆ. ಅದಕ್ಕೇ ಭತ್ತದ ಹುಲ್ಲು ಬೆರೆಸುವುದು. ಆದರೆ ನಮಗೆ ಸಿಕ್ಕ ಹುಲ್ಲನ್ನು ಯಾರೋ ಅರೆಬರೆ ಬಡಿದಿದ್ದರು. ಒಂದೂವರೆ ಅಡಿ ಗೋಡೆ ಎಬ್ಬಿಸಿ, ಒಣಗಲಿ ಅಂತ ಬಿಟ್ಟಿದ್ದೆವು. ಅಷ್ಟರಲ್ಲಿ ಹೂಮಳೆ ಬಿತ್ತು. ಕಾಫಿ ಹೂ ಬಿಟ್ಟಿತು, ಗೋಡೆ ಮೊಳಕೆ ಬಿಟ್ಟಿತು. ಹಾದಿಯಲ್ಲಿ ಹೋಗುವವರೆಲ್ಲ ನಿಂತು "ಕುಯ್ಲು ಯಾವಾಗ ಗೌಡ್ರೆ?" ಅನ್ನತೊಡಗಿದರು. ಆ ಕೆಲಸವನ್ನು ಪಕ್ಕದ ಮನೆಯ ಹಸುವೇ ಮುಗಿಸಿತು, ಗೋಡೆಯ ಒಂದು ಮೂಲೆ ಸಮೇತ.

ಗೋಡೆ ಎದ್ದ ಮೇಲೆ ಮುಂದಿನದು ಅದಕ್ಕೆ ಮೆತ್ತುವ ಸುಣ್ಣದ ಗಾರೆ. "ಮಂಜರಾಬಾದ್ ಕೋಟೆ 1792ರದ್ದು. ಗಾರೆಯಲ್ಲೇ ಕಟ್ಟಿದ್ದು, ಇಷ್ಟು ಮಳೆ ತಿಂದರೂ ನಿಂತಿಲ್ವಾ?" ಅಂದರು ಭಾವ. ಮೇಸ್ತ್ರಿ ಎಲೆ ಅಡಿಕೆ ಪಕ್ಕಕ್ಕೆ ಉಗಿದು, "ಅದು ಕಲ್ಲು ಗೌಡ್ರೆ, ನಿಮ್ದು ಮಣ್ಣು," ಅಂದರು. ಆದರೂ ಭಾವನ ಮಾತಲ್ಲಿ ಹುರುಳಿತ್ತು. ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾಗದೆ ಮೇಲಿನ ಪದರವೇ ಕಳಚಿ ಬೀಳುತ್ತದೆ. ಸುಣ್ಣದ ಗಾರೆ ಹಾಗಲ್ಲ, ತೇವವನ್ನು ಹೊರಗೆ ಬಿಡುತ್ತದೆ.

ಗಾರೆಗೆ ಬೆರೆಸಲು ಅಳಲೆಕಾಯಿ ಜಜ್ಜಿ, ಬೆಲ್ಲದ ಜೊತೆ ಡ್ರಮ್ಮಿನಲ್ಲಿ ನೆನೆಹಾಕಿದರು. ಅದು ಹುಳಿ ಬಂದು ಬುಳುಬುಳು ಅನ್ನತೊಡಗಿತು. ವಾಸನೆ ಮಾತ್ರ ಥೇಟ್ ಕಳ್ಳಭಟ್ಟಿ! ಸಂಜೆಯಾದರೆ ಸಾಕು, ಎಂದೂ ನಮ್ಮ ಕಡೆ ತಲೆ ಹಾಕದವರೆಲ್ಲ ಭಾವನ ಆರೋಗ್ಯ ವಿಚಾರಿಸಲು ಬಂದರು. ಒಬ್ಬರಂತೂ ಲೋಟ ತಂದಿದ್ದರು. ಗೋಡೆಗೆ ಹಾಕೋದು ಅಂದರೆ ಯಾರೂ ನಂಬಲಿಲ್ಲ. "ಆಯ್ತು ಬಿಡಿ, ಕೊಡೋಕೆ ಮನಸ್ಸಿಲ್ಲ ಅನ್ನಿ," ಅಂತ ಮುನಿಸಿಕೊಂಡು ಹೋದರು.

ಇಷ್ಟೆಲ್ಲ ಆದ ಮೇಲೆ ಜೂನ್ ಬಂತು. ನಮ್ಮ ಕಡೆ ಮಳೆ ಮೇಲಿನಿಂದ ಮಾತ್ರ ಬೀಳುವುದಿಲ್ಲ, ಗಾಳಿ ಜೊತೆ ಅಡ್ಡಡ್ಡ ಬಂದು ಬಡಿಯುತ್ತದೆ. ಮೇಸ್ತ್ರಿ ಮೊದಲೇ ಕಲ್ಲಿನ ತಳಪಾಯ ಎತ್ತರ ಮಾಡಿಸಿ, ಸೂರನ್ನು ಮುಂದಕ್ಕೆ ಇಳಿಸಿದ್ದರು. ಈಗ ಗಾಳಿ ಬೀಸುವ ದಿಕ್ಕಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟಿಸಿದರು. ಗೋಡೆ ಉಳಿಸುವುದು ಈ ಮೂರೇ, ಉಳಿದದ್ದೆಲ್ಲ ಅಲಂಕಾರ ಅನ್ನುವುದು ಅವರ ವಾದ. ನನಗೂ ಹಾಗೇ ಅನಿಸುತ್ತದೆ.

ಭಾವನ ಸಂಕಟವೇ ಬೇರೆ. ಬೆಂಗಳೂರಿನಿಂದ ಗೋಡೆ ನೋಡಲೆಂದೇ ನೆಂಟರು ಬರುತ್ತಾರೆ, ಕಾಣುವುದು ಬರೀ ಸೋಗೆ. "ಇದನ್ನಾ ಕಟ್ಟಿಸಿದ್ದು?" ಅನ್ನುತ್ತಾರೆ. ಭಾವ ಸುರಿಯುವ ಮಳೆಯಲ್ಲೇ ಓಡಿ, ತಟ್ಟಿಯ ತುದಿ ಎತ್ತಿ ತೋರಿಸುತ್ತಾರೆ. ಅಕ್ಕ ಹಿಂದೆಯೇ ಹೋಗಿ ಕೊಡೆ ಹಿಡಿಯುತ್ತಾಳೆ, ಗೋಡೆಗೆ.