ಬುರ್ಕಿನಾ ಫಾಸೊ ಬಗ್ಗೆ ಓಡಾಡ್ತಿರೋ ಫಾರ್ವರ್ಡ್ ಸುಳ್ಳು

"ಟ್ರಾವೋರೆ 2022ರಲ್ಲಿ ಚುನಾಯಿತ ಅಧ್ಯಕ್ಷನ್ನ ಕಿತ್ತಾಕಿ ಅಧಿಕಾರ ಹಿಡಿದ, ಆಮೇಲೆ ಉಗ್ರರ ಕಾಟ ನಿಂತೋಯ್ತು" ಅಂತ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಸೇನಾ ಆಡಳಿತಗಾರ ಇಬ್ರಾಹಿಂ ಟ್ರಾವೋರೆ ಬಗ್ಗೆ ಒಂದು ಮೆಸೇಜ್ ಎಲ್ಲಾ ಗ್ರೂಪಲ್ಲೂ ಬರ್ತಾ ಇದೆ, ಎರಡೂ ಮಾತು ತಪ್ಪು.

ಆ ವರ್ಷ ದಂಗೆ ಆಗಿದ್ದು ಒಂದಲ್ಲ, ಎರಡು. ಚುನಾವಣೆ ಗೆದ್ದಿದ್ದ ಕಬೋರೆಯನ್ನ ಜನವರಿಯಲ್ಲಿ ಇಳಿಸಿದ್ದು ದಮೀಬಾ ಅನ್ನೋ ಲೆಫ್ಟಿನೆಂಟ್ ಕರ್ನಲ್. ಟ್ರಾವೋರೆ ಸೆಪ್ಟೆಂಬರ್ 30ಕ್ಕೆ ಇಳಿಸಿದ್ದು ಇದೇ ದಮೀಬಾನ್ನ, ದಮೀಬಾ ಪಕ್ಕದ ದೇಶ ಟೋಗೋಗೆ ಹೋದ.

ಸೈನಿಕರ ಸಿಟ್ಟಿಗೆ ಕಾರಣ ಇತ್ತು. 2021ರ ನವೆಂಬರಲ್ಲಿ ದೇಶದ ಉತ್ತರದ ಇನಾಟಾ ಅನ್ನೋ ಭದ್ರತಾ ಕ್ಯಾಂಪಿನ ಹುಡುಗ್ರಿಗೆ ಎರಡು ವಾರದಿಂದ ರೇಷನ್ನೇ ಬಂದಿರ್ಲಿಲ್ಲ, ಪ್ರಾಣಿ ಬೇಟೆಯಾಡಿ ತಿಂತಿದ್ರಂತೆ, ಅಂಥ ಸ್ಥಿತೀಲಿ ಉಗ್ರರು ನುಗ್ಗಿ 50ಕ್ಕೂ ಹೆಚ್ಚು ಜನನ್ನ ಕೊಂದ್ರು. ಇದನ್ನ ಓದಿದಾಗ ಹೊಟ್ಟೆ ಉರಿಯುತ್ತೆ. ಭದ್ರತೆ ಸರಿ ಮಾಡ್ತೀನಿ ಅಂತ ಬಂದ ದಮೀಬಾ ಕಾಲದಲ್ಲೂ ಜಿಬೋ ಊರನ್ನ ಉಗ್ರರು ಸುತ್ತುವರಿದು ದಾರಿ ಕಟ್ಟಿದ್ರು, 2022ರ ಸೆಪ್ಟೆಂಬರ್ 26ಕ್ಕೆ ಅಲ್ಲಿಗೆ ಸಾಮಾನು ಒಯ್ತಿದ್ದ ಲಾರಿಗಳ ಸಾಲಿನ ಮೇಲೆ ಗಾಸ್ಕಿಂಡೆ ಹತ್ರ ದಾಳಿ ಆಗಿ 27 ಸೈನಿಕರು ಸತ್ರು, ಎಷ್ಟೋ ಡ್ರೈವರ್‌ಗಳು, ವ್ಯಾಪಾರಿಗಳು ಕಾಣೆಯಾದ್ರು. ಅದಾಗಿ ನಾಲ್ಕೇ ದಿನಕ್ಕೆ ಎರಡನೇ ದಂಗೆ.

ಇನ್ನು "ಕಾಟ ನಿಂತೋಯ್ತು" ಅನ್ನೋದು. ಉಗ್ರರ ವಿರುದ್ಧ ಹೋರಾಡೋಕೆ ಅಲ್ಲಿದ್ದ ಫ್ರೆಂಚ್ ಸೈನ್ಯ ಟ್ರಾವೋರೆ ಬಂದ್ಮೇಲೆ 2023ರಲ್ಲಿ ವಾಪಸ್ ಹೋಗಿದ್ದು ನಿಜ, ಆದ್ರೆ 2024ರ ಆಗಸ್ಟಲ್ಲಿ ಬಾರ್ಸಲೋಗೋದಲ್ಲಿ ಊರ ರಕ್ಷಣೆಗೆ ಕಂದಕ ತೋಡ್ತಿದ್ದ ಸಾಮಾನ್ಯ ಜನನ್ನೇ ಉಗ್ರರು ನೂರಾರು ಸಂಖ್ಯೆಯಲ್ಲಿ ಕೊಂದ್ರು. ಟ್ರಾವೋರೆ ನಿಮಗೆ ಇಷ್ಟ ಆದ್ರೆ ಇಷ್ಟಪಡಿ, ಅದಕ್ಕೋಸ್ಕರ ಸತ್ತವರನ್ನ ಲೆಕ್ಕದಿಂದ ತೆಗೀಬೇಡಿ, ದಯವಿಟ್ಟು ಆ ಮೆಸೇಜ್ ಮುಂದೆ ಕಳಿಸ್ಬೇಡಿ.